ಸೋರುವ ಸೂರಿನ ಹನ್ನೊಂದು ಕಂತುಗಳು

ಸೂರು ದುರಸ್ತಿ ಸಹಾಯ ಸಂಘವು ತನ್ನ ಹತ್ತೊಂಬತ್ತು ವರ್ಷಗಳ ಸೇವಾವಧಿಯಲ್ಲಿ ಬಡವರ ಮನೆಯ ಒಂದೇ ಒಂದು ಸೋರಿಕೆಯನ್ನೂ ಅಲಕ್ಷಿಸಿದ್ದಿಲ್ಲ ಎಂಬುದನ್ನು ಸಂಘದ ಕಾರ್ಯದರ್ಶಿಯಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಇಸ್ತ್ರಿ ಅಕ್ಕನ ವಿಷಯದಲ್ಲಿ ಬೀದಿಯವರು ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ದಾಖಲಿಸುವುದು ನನ್ನ ಕರ್ತವ್ಯವಾಗಿದೆ.

ನಮ್ಮ ವಾರ್ಷಿಕ ವರದಿಯನ್ನು ದಾನಿಗಳು ಓದುತ್ತಿರಲಿಲ್ಲ. ಒಬ್ಬ ದಾನಿಯ ಮನೆಯಲ್ಲಿ ಅದನ್ನು ಕುಂಟುವ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿ ಬಂದೆ. ಆ ವರದಿ ಬರೆದವನು ನಾನು, ಹೊಟ್ಟೆ ಉರಿಯದೆ ಇದ್ದೀತೆ. ಅಧ್ಯಕ್ಷರು ಮಾತ್ರ ತಣ್ಣಗೆ, "ಓದದವರು ಕೇಳ್ತಾರೆ ಕಣ್ರೀ. ಪಾಡ್‌ಕಾಸ್ಟ್ ಮಾಡೋಣ. ವಾಕಿಂಗ್ ಹೋಗ್ತಾ ಹೋಗ್ತಾನೇ ಅವರಿಗೆ ಕರುಣೆ ಹುಟ್ಬೇಕು" ಎಂದರು.

ಅದರಂತೆ ಗೋದಾಮಿನ ಗೋಡೆಗಳಿಗೆ ಸ್ಪಂಜು ಅಂಟಿಸಿ ಸ್ಟುಡಿಯೋ ಮಾಡಿದೆವು. ಅಲ್ಲಿದ್ದ ಹೊಸ ಹೆಂಚುಗಳನ್ನು ಅಂಗಳಕ್ಕೆ ಸಾಗಿಸಿದೆವು. ಒಬ್ಬ ಧ್ವನಿ ಸಲಹೆಗಾರರನ್ನೂ ನೇಮಿಸಿಕೊಂಡೆವು. ಯಾರು ಏನು ಹೇಳಿದರೂ ಅವರು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಸಂಬಳದ ಮಾತು ಬಂದಾಗ ಮಾತ್ರ ತೆರೆಯುತ್ತಿದ್ದರು.

ಮೊದಲ ಕಂತಿಗೆ ಇಸ್ತ್ರಿ ಅಕ್ಕ ಆಯ್ಕೆಯಾದರು. ಬೀದಿಯ ಕೊನೆಯಲ್ಲಿ ಅವರದು ಒಂದೇ ಕೋಣೆಯ ಹೆಂಚಿನ ಮನೆ. ಬಾಗಿಲ ಬಳಿ ಬಟ್ಟೆ ಇಸ್ತ್ರಿ ಮಾಡುವ ಮೇಜು, ಅದರ ಹಿಂದೆ ಮಂಚ, ಮಂಚದ ನೆತ್ತಿಗೆ ಸರಿಯಾಗಿ ಎರಡು ಹೆಂಚು ಒಡೆದ ಜಾಗ.

"ಮಗಳಿಗೆ ಏಳು ತಿಂಗಳು ಸಾರ್" ಎಂದು ಅವರು, ನಾವು ಮನೆಗೇ ಒಯ್ದಿದ್ದ ಮೈಕಿನ ಮುಂದೆ ಹೇಳಿದರು. "ಹೆರಿಗೆ ಆದ್ಮೇಲೆ ಆಸ್ಪತ್ರೆಯಿಂದ ನೇರ ಇಲ್ಲಿಗೇ ಬರ್ತಾಳೆ. ಕೂಸಿನ ಮೇಲೆ ನೀರು ಬೀಳದ ಹಾಗೆ ಮಾಡಿಕೊಡಿ. ಇನ್ನೇನೂ ಕೇಳಲ್ಲ."

ಅವರು ಹೇಳುತ್ತಿದ್ದಾಗ ಮಂಚದ ಮೇಲಿಟ್ಟ ಪಾತ್ರೆಗೆ ಮಳೆ ನೀರು ಬೀಳುತ್ತಿತ್ತು. ತೊಟಕ್. ತೊಟಕ್. ಸಲಹೆಗಾರರು ಎರಡೂ ಕಣ್ಣು ತೆರೆದರು.

"ಮಾತು ಸಾಕಮ್ಮ. ಪಾತ್ರೆ ಮಾತಾಡಲಿ."

ಪ್ರಸಾರವಾದ ಸಂಜೆಯಿಂದಲೇ ದಾನಿಗಳ ಪತ್ರಗಳು ಬರತೊಡಗಿದವು. ಒಬ್ಬರು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿಕೊಂಡು ಅತ್ತಿದ್ದರು. ಇನ್ನೊಬ್ಬರಿಗೆ ಎಷ್ಟೋ ವರ್ಷಗಳ ನಂತರ ಚೆನ್ನಾಗಿ ನಿದ್ದೆ ಬಂದಿತ್ತು. ಇಬ್ಬರೂ ದೇಣಿಗೆ ದುಪ್ಪಟ್ಟು ಮಾಡಿದರು.

ಮರುದಿನ ಸಂಘದ ಗಾರೆ ಮೇಸ್ತ್ರಿ ವಾಡಿಕೆಯಂತೆ ಏಣಿ ಹೊತ್ತು, ಎರಡು ಹೆಂಚು ಬಗಲಲ್ಲಿಟ್ಟು ಅಕ್ಕನ ಮನೆಗೆ ಹೊರಟ. ಸಲಹೆಗಾರರು ಓಡಿಹೋಗಿ ಏಣಿ ಹಿಡಿದರು. "ಇದನ್ನ ಮುಚ್ಚಿದ್ರೆ ಎರಡನೇ ಕಂತಿಗೆ ಏನ್ರೀ ಇದೆ?"

"ನಂಗೇನು ಗೊತ್ತು ಸಾರ್? ಸೋರ್ತಿದೆ ಅಂದ್ರು, ಬಂದೆ."

ಹೀಗೆ ಯಾರು ಬೇಕಾದರೂ ಏಣಿ ಹತ್ತುವಂತಾಗಬಾರದೆಂದು ಆಡಳಿತ ಮಂಡಳಿಯು ಅಂದೇ ಸಭೆ ಸೇರಿ ನಿಯಮ ಹದಿನಾಲ್ಕು (ಆ) ಅನ್ನು ಅಂಗೀಕರಿಸಿತು: "ಪಾಡ್‌ಕಾಸ್ಟಿನಲ್ಲಿ ಪ್ರಸಾರವಾಗುತ್ತಿರುವ ಯಾವುದೇ ಕಷ್ಟವನ್ನು, ಸರಣಿಯು ಮುಗಿಯುವ ಮುನ್ನ ಪರಿಹರಿಸತಕ್ಕದ್ದಲ್ಲ."

ನಾಲ್ಕನೇ ಕಂತಿನ ಹೊತ್ತಿಗೆ ಮಳೆ ಕೈಕೊಟ್ಟಿತು. ದಾನಿಗಳನ್ನು ಮಳೆಯ ಮರ್ಜಿಗೆ ಬಿಡಲಾದೀತೆ? ಧ್ವನಿಮುದ್ರಣ ನಡೆಯುವ ಪ್ರತಿ ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಮೇಸ್ತ್ರಿಯು ಸೂರಿನ ಮೇಲೆ ಕುಳಿತು ಬಕೆಟ್ಟಿನಿಂದ ನೀರು ಹೊಯ್ಯತಕ್ಕದ್ದೆಂದು ಆದೇಶ ಹೊರಡಿಸಿದೆ.

"ತೂತು ಮುಚ್ಚೋ ಕೆಲಸಕ್ಕೆ ಸೇರಿದೋನು ಸಾರ್ ನಾನು" ಎಂದ.

"ಇದೂ ಸೋರಿಕೆಗೆ ಸಂಬಂಧಪಟ್ಟ ಕೆಲಸವೇ ಅಲ್ವೇನಪ್ಪ" ಎಂದು ಸಮಾಧಾನ ಮಾಡಿದೆ. ಹಾಜರಿ ಪುಸ್ತಕವನ್ನು ಸೂರಿನ ಮೇಲಕ್ಕೇ ಕಳಿಸುವ ವ್ಯವಸ್ಥೆಯನ್ನೂ ಮಾಡಿಕೊಟ್ಟೆ.

ಇಸ್ತ್ರಿ ಅಕ್ಕ ಮಾತ್ರ ಕಚೇರಿಗೆ ಬಂದು ತರಾಟೆಗೆ ತೆಗೆದುಕೊಂಡರು. "ಬೀದೀಲೆಲ್ಲ ಸುಡು ಬಿಸಿಲು, ನಮ್ಮನೇಲಿ ಮಾತ್ರ ಮಳೆ. ಗಿರಾಕಿಗಳ ಅಂಗಿ ನೆಂದು ತೊಪ್ಪೆ ಆಗಿದೆ. ಏನಂತ ಹೇಳ್ಲಿ ಅವರಿಗೆ?" ಅವರ ಕಷ್ಟ ನನಗೆ ಅರ್ಥವಾಗದೆ ಇಲ್ಲ, ನಾನೂ ಹೆಣ್ಣುಮಕ್ಕಳ ತಂದೆಯೇ. "ಈ ಅಂಗಿಯು ಸಂಘದ ಕಾರ್ಯಕ್ರಮದ ನಿಮಿತ್ತ ನೆಂದಿರುತ್ತದೆ" ಎಂಬ ಪ್ರಮಾಣಪತ್ರವನ್ನು ಮೊಹರು ಸಮೇತ, ಅಂಗಿಗೊಂದರಂತೆ ಬರೆದುಕೊಟ್ಟೆ.

ಏಳನೇ ಕಂತಿನಲ್ಲಿ ದಾನಿಗಳ ಅಭಿಪ್ರಾಯವನ್ನೇ ಕೇಳಿದೆವು. ಈ ಮನೆಯನ್ನು ಈಗಲೇ ದುರಸ್ತಿ ಮಾಡಬೇಕೆ, ಮಗು ಬಂದ ಮೇಲೆ ಮಾಡಬೇಕೆ, ಅಥವಾ ತಾವು ಹೀಗೆಯೇ ಕೇಳುತ್ತಿರಲು ಇಚ್ಛಿಸುವಿರಾ? ಹೆಚ್ಚಿನವರು ಮೂರನೆಯದನ್ನು ಆರಿಸಿದರು. ಮೊದಲನೆಯದನ್ನು ಆರಿಸಿದವರು ಕೈ ತಪ್ಪಿ ಒತ್ತಿರಬಹುದೆಂದು ಅವರಿಗೆ ಇನ್ನೊಂದು ಅವಕಾಶ ನೀಡಲಾಯಿತು.

ಹತ್ತನೇ ಕಂತಿನ ವಾರ ಮಗಳು ಹೆತ್ತಳು. ಹೆಣ್ಣುಮಗು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಬಿಡುತ್ತಾರೆಂದು ಅಕ್ಕ ಶನಿವಾರವೇ ಬಂದು ಕಚೇರಿಯ ಬಾಗಿಲಲ್ಲಿ ನಿಂತರು.

"ನಂಗೆ ನಿಮ್ಮ ಸಹಾಯ ಬೇಡ ಸಾರ್. ಅರ್ಜಿ ವಾಪಸ್ ಕೊಡಿ."

"ಸಹಾಯ ಬೇಡ ಅನ್ನೋದಕ್ಕೆ ನಮ್ಮಲ್ಲಿ ಫಾರಂ ಇಲ್ಲವಮ್ಮ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದರು. ಹತ್ತೊಂಬತ್ತು ವರ್ಷ ಸೇವೆ ಮಾಡಿದವನಿಗೆ ಆ ನೋಟ. ನನಗೆ ನಿಜಕ್ಕೂ ಬೇಸರವಾಯಿತು.

ಬುಧವಾರ ಮೇಸ್ತ್ರಿ ನಾಲ್ಕು ಬಕೆಟ್ಟು ನೀರು ಹೊಯ್ದರೂ ಪಾತ್ರೆಗೆ ಒಂದು ಹನಿ ಬೀಳಲಿಲ್ಲ. ಮಂಚದ ಮೇಲೆ ಬಾಣಂತಿಯೂ ಕೂಸೂ ಗಡದ್ದಾಗಿ ನಿದ್ದೆ ಮಾಡುತ್ತಿದ್ದರು. ಸಲಹೆಗಾರರು ಖಾಲಿ ಪಾತ್ರೆಯನ್ನು ಬೋರಲು ಹಾಕಿ ನೋಡಿದರು. ಮೇಸ್ತ್ರಿಯನ್ನು ಕರೆಸಿ ವಿಚಾರಿಸಿದಾಗ, ಭಾನುವಾರ ತಾನೇ ಅಂಗಳದಿಂದ ಎರಡು ಹೆಂಚು ಒಯ್ದು ಹೊದಿಸಿದ್ದಾಗಿ ಒಪ್ಪಿಕೊಂಡ.

"ನಿಯಮ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್. ಆದ್ರೆ ಭಾನುವಾರ ನಂಗೆ ರಜೆ. ರಜೆ ದಿನ ನಾನು ಮೇಸ್ತ್ರಿ."

ಅದೇ ಸಂಜೆ ತುರ್ತು ಸಭೆ ನಡೆಯಿತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಅಧ್ಯಕ್ಷರು ಕೇಳಿದರು: "ಸೋರಿಕೆ ಆಕೆಯದೇ ಆಗಿರಬೇಕು ಅಂತ ದಾನಿಗಳೇನಾದ್ರೂ ಬರೆದಿದಾರಾ?" ಕಡತ ನೋಡಿದೆ. ಯಾರೂ ಬರೆದಿರಲಿಲ್ಲ. ನಮ್ಮ ಕಚೇರಿಯ ಸೂರಿನಿಂದಲೇ ಎರಡು ಹೆಂಚು ತೆಗೆಸಲು ಸರ್ವಾನುಮತದಿಂದ ತೀರ್ಮಾನವಾಯಿತು. ತೆಗೆಸಿದ್ದು ನನ್ನ ಮೇಜಿನ ನೆತ್ತಿಯ ಮೇಲೆ. ಪಾತ್ರೆಯನ್ನು ಅಕ್ಕನಿಂದಲೇ ಬಾಡಿಗೆಗೆ ತಂದೆವು. ಹನ್ನೊಂದನೇ ಕಂತಿನಲ್ಲಿ ಅಕ್ಕನ ನಿಟ್ಟುಸಿರನ್ನು ಅಧ್ಯಕ್ಷರೇ ಬಿಟ್ಟರು. ಎಲ್ಲ ಕಂತುಗಳಿಗಿಂತ ಅದೇ ಮನಮುಟ್ಟಿತೆಂದು ದಾನಿಗಳು ಬರೆದರು.

ಆಮೇಲೆ ನಿಜವಾದ ಮಳೆ ಹಿಡಿಯಿತು. ನನ್ನ ಮೇಜಿನ ಪಕ್ಕದ ಬೀರುವಿನಲ್ಲಿದ್ದ ಕಾಗದಗಳೆಲ್ಲ ನೆಂದು ಮುದ್ದೆಯಾದವು. ಒಣಗಿಸಿಕೊಡಲು ಇಸ್ತ್ರಿ ಅಕ್ಕನನ್ನೇ ಕರೆಸಿದೆವು. ಅವರು ಕೊಡೆಯ ಕೆಳಗೆ ನಿಂತು ಒಂದೊಂದೇ ಹಾಳೆಯನ್ನು ಇಸ್ತ್ರಿ ಮಾಡಿ ಪೇರಿಸಿದರು. ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದರಲ್ಲಿ ಏನೂ ಇಲ್ಲವಲ್ಲ ಸಾರ್."

"ಅರ್ಜಿಗಳಮ್ಮ. ಸೂರು ಸೋರುತ್ತೆ ಅಂತ ಬರೆದುಕೊಂಡವರದು. ಶಾಯಿ ತೊಳೆದು ಹೋಗಿದೆ."

"ಯಾರ್ಯಾರ ಮನೆದು?"

"ಹೆಸರಿಲ್ಲದ್ದು ಅರ್ಜಿ ಅಲ್ಲ ಅಂತ ನಿಯಮ ಇದೆ."

ಅವರು ಉಳಿದವನ್ನೂ ಇಸ್ತ್ರಿ ಮಾಡಿಕೊಟ್ಟು, ಕೂಸು ಎದ್ದಿರುತ್ತದೆಂದು ಬೇಗ ಹೊರಟರು.

ಆ ತಿಂಗಳ ಸರ್ವಸದಸ್ಯರ ಸಭೆಯಲ್ಲಿ, ಸಂಘದ ಇತಿಹಾಸದಲ್ಲೇ ಮೊದಲ ಬಾರಿಗೆ ಬಾಕಿ ಅರ್ಜಿ ಒಂದೂ ಇಲ್ಲವೆಂದು ಅಧ್ಯಕ್ಷರು ಘೋಷಿಸಿದರು. ಎಲ್ಲರೂ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು, ಮೇಸ್ತ್ರಿಯೊಬ್ಬನನ್ನು ಬಿಟ್ಟು. ಅಂದು ಬುಧವಾರ, ಅವನು ಬಕೆಟ್ಟು ಹಿಡಿದು ಕಚೇರಿಯ ಸೂರಿನ ಮೇಲೆ ಕರ್ತವ್ಯದಲ್ಲಿದ್ದ. ಇಸ್ತ್ರಿಯಾದ ಹಾಳೆಗಳು ಬೆಳ್ಳಗೆ, ಒಂದು ಸುಕ್ಕೂ ಇಲ್ಲದೆ ಇದ್ದುದರಿಂದ, ದಾನಿಗಳಿಗೆ ಕಳಿಸುವ ಧನ್ಯವಾದ ಪತ್ರಗಳನ್ನು ಅವುಗಳ ಮೇಲೆಯೇ ಅಚ್ಚು ಹಾಕಿಸಿದೆವು.