ಓತಿಕ್ಯಾತನಿಗೆ ಎಣ್ಣೆ-ನೀರು

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಗೆ ಎರೆದರೆ ಯಾವ ಕೂಸಾದರೂ ಹಾಯಾಗಿ ನಿದ್ದೆ ಹೋಗುತ್ತದೆ. ಇದು ಹೋಗಲಿಲ್ಲ, ಅಷ್ಟೇ!

ಮರಾಠಿ ಸೀಮೆಯ ಕೊಂಢವಾ ಬಡಾವಣೆಯ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ನಾನು, ನಮ್ಮವರು, ಅತ್ತೆ, ಮಗಳು ಅನಘಾ ಇರುತ್ತೇವೆ. ಎರಡು ವರ್ಷದಿಂದ ಭಾವೂ ಕೂಡ. ಮರಾಠಿಯಲ್ಲಿ ಭಾವೂ ಎಂದರೆ ಅಣ್ಣ-ತಮ್ಮ. ಒಬ್ಬಳೇ ಮಗಳಿಗೆ ತಮ್ಮ ಬೇಕೆಂದು ಬಹಳ ಆಸೆಯಿತ್ತು. ನಮ್ಮನ್ನು ನಂಬಿ ಪ್ರಯೋಜನವಿಲ್ಲವೆಂದು ತಾನೇ ತಂದುಕೊಂಡಳು. ಬಿಯರ್ಡೆಡ್ ಡ್ರ್ಯಾಗನ್. ಹೆಸರು ಕೇಳಿ ಬೆಂಕಿ ಉಗುಳುವ ಪ್ರಾಣಿ ಎಂದು ಹೆದರಬೇಡಿ. ಮೊಳದುದ್ದದ ಓತಿಕ್ಯಾತ, ಗದ್ದದ ಕೆಳಗೆ ಮುಳ್ಳುಮುಳ್ಳು ಗಡ್ಡ. ಗಾಜಿನ ಪೆಟ್ಟಿಗೆಯೊಳಗೆ ಬಿಸಿ ದೀಪದ ಕೆಳಗೆ ಕಲ್ಲಿನ ಮೇಲೆ ಮಲಗಿ, ನಿವೃತ್ತ ಹೆಡ್‌ಮಾಸ್ತರರಂತೆ ಒಂದೇ ಕಣ್ಣು ತೆರೆದು ನಮ್ಮ ಸಂಸಾರವನ್ನು ಪರೀಕ್ಷಿಸುತ್ತಿರುತ್ತದೆ.

ಡಿಸೆಂಬರಿನಲ್ಲಿ ಅನಘಾ ಗೆಳತಿಯ ಮದುವೆಗೆಂದು ನಾಗಪುರಕ್ಕೆ ಹೊರಟಳು. ಮೂರು ದಿನ. ಹೊರಡುವ ಮುಂಚೆ ಫ್ರಿಜ್ಜಿನ ಮೇಲೆ ಹನ್ನೊಂದು ನಿಯಮಗಳ ಒಂದು ಹಾಳೆ ಅಂಟಿಸಿದಳು.

"ಅಮ್ಮಾ, ಖರೇನ ನಿನ್ನ ಕಡೆ ಆಗ್ತದ? ಇಲ್ಲಾಂದ್ರ ಹಡಪಸರದಾಗ ಇಂಥಾವನ್ನ ಇಟ್ಕೊಳ್ಳೋ ಬೋರ್ಡಿಂಗ್ ಅದ. ಅಲ್ಲೇ ಬಿಟ್ಟು ಹೋಗ್ತೀನಿ."

"ನಿನ್ನ ಬೆಳಸಿದ್ದು ಯಾರು, ಹಡಪಸರದವರೇನು?"

"ಅದಕ್ಕs ಕೇಳ್ಲಿಕ್ಕತ್ತೀನಿ," ಅಂದಳು. "ನೋಡು, ಈ ಸರ್ತಿ ಏನಾರ ಹೆಚ್ಚುಕಡಿಮಿ ಆತಂದ್ರ ಮುಂದ ಯಾವಾಗ್ಲೂ ಬೋರ್ಡಿಂಗೇ."

ಇಪ್ಪತ್ತಾರು ವರ್ಷದ ನನ್ನ ತಾಯ್ತನ ಒಂದು ಓತಿಕ್ಯಾತನ ಮುಂದೆ ಪರೀಕ್ಷೆಗೆ ಕೂತಿತ್ತು!

ಮೊದಲ ದಿನ ನಿರ್ವಿಘ್ನವಾಗಿ ಕಳೆಯಿತು. ಎರಡನೆಯ ದಿನ ಶನಿವಾರ. ಪೆಟ್ಟಿಗೆಯ ಗಾಜು ಒರೆಸುವಾಗ ನೋಡುತ್ತೇನೆ, ಭಾವೂನ ಮೈ ಬೂದಿ ಬಳಿದಂತೆ ಬಿಳಿಚಿಕೊಂಡಿದೆ. ಬೆನ್ನಿನ ಮೇಲೆ ಹೊಟ್ಟು. ಎಡಗಾಲಿನ ನಡುಬೆರಳಿನ ತುದಿಯಲ್ಲಿ ಈರುಳ್ಳಿ ಸಿಪ್ಪೆಯಂಥ ಒಂದು ಚೂರು ನೇತಾಡುತ್ತಿದೆ. ಇಟ್ಟಿದ್ದ ಸೊಪ್ಪನ್ನೂ ಮೂಸಿ ನೋಡಿಲ್ಲ. ಅನಘಾಗೆ ನಾಲ್ಕು ಸಲ ಫೋನು ಮಾಡಿದೆ. ಅಲ್ಲಿ ಅರಿಷಿಣದ ಗದ್ದಲ, ಎತ್ತಲಿಲ್ಲ.

ಅತ್ತೆ ಕನ್ನಡಕ ಏರಿಸಿ ಗಾಜಿನೊಳಗೆ ಇಣುಕಿದರು. "ಥಂಡಿಗೆ ಮೈ ಒಡದದ. ಏನ್ ನೋಡ್ತಿ ಶೈಲಾ? ಎಣ್ಣಿ ಹಚ್ಚಿ ಎರಿ."

ನಾನು ಹಾಳೆ ನೋಡಿದೆ. ಏಳನೆಯ ನಿಯಮ: "ಸ್ನಾನ ನಾನೇ ಬಂದು ಮಾಡಿಸ್ತೀನಿ. ಸೋಪು ಮುಟ್ಟಿಸಬೇಡ. ನೀರು ಕುಡಿಸೋದಾದ್ರೆ ಮೂಗಿನ ಮೇಲೆ ಒಂದೊಂದೇ ಹನಿ." ಧಾರವಾಡದ ಕಾನ್ವೆಂಟಿನಲ್ಲಿ ಕಲಿತವಳು ನಾನು. ಬರೆದ ನಿಯಮವನ್ನು ಮೀರುವುದು ನನ್ನ ರಕ್ತದಲ್ಲಿಲ್ಲ. ಆದರೆ ಅದೇ ಸಿಸ್ಟರುಗಳು ಪ್ರತಿಯೊಂದು ವಾಕ್ಯವನ್ನೂ ನಿಧಾನವಾಗಿ, ಅರ್ಥ ಮಾಡಿಕೊಂಡು ಓದಬೇಕು ಎಂದೂ ಕಲಿಸಿದ್ದರು. ಓದಿದೆ. "ನಾನೇ ಮಾಡಿಸ್ತೀನಿ" ಎಂದಿದ್ದಳೇ ಹೊರತು "ನೀನು ಮಾಡಿಸಬೇಡ" ಎಂದು ಎಲ್ಲಿಯೂ ಇರಲಿಲ್ಲ!

ಬಚ್ಚಲಲ್ಲಿ ಮಣೆ ಹಾಕಿದೆ. ಸೀರೆ ಎತ್ತಿ ಕಟ್ಟಿ, ಕಾಲು ನೀಡಿ ಕುಳಿತೆ. ನಮ್ಮ ಕಡೆ ಕೂಸಿಗೆ ಎರೆಯುವುದೇ ಹಾಗೆ: ನೀಡಿದ ಎರಡು ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿ ಬೆನ್ನು ತಿಕ್ಕುವುದು. ಅನಘಾಳಿಗೂ ಹೀಗೆಯೇ ಎರೆದಿದ್ದೆ. ಪಕ್ಕದಲ್ಲಿ ತವರಿನ ಹಿತ್ತಾಳೆ ತಂಬಿಗೆ, ಬಟ್ಟಲಲ್ಲಿ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅಧ್ಯಕ್ಷತೆ ವಹಿಸಿದರು.

ಎಣ್ಣೆ ಹಚ್ಚುವವರೆಗೆ ಭಾವೂ ಸುಮ್ಮನಿತ್ತು. ಅದಕ್ಕೆ ಕಿವಿಯ ಹಿಂದೆ ಎನ್ನುವ ಜಾಗವೇ ಇಲ್ಲ, ಬರೀ ಎರಡು ತೂತು, ಎಂಬುದನ್ನು ಆಗ ಗಮನಿಸಿದೆ. ಕಿವಿಯ ಹಿಂದಿನ ಕೊಳೆ ನೋಡಿ ನಮ್ಮನ್ನು ಅಳೆಯುತ್ತಿದ್ದ ಸಿಸ್ಟರು ಇದನ್ನು ಕಂಡಿದ್ದರೆ ಮೊದಲ ಬಹುಮಾನ ಕೊಡುತ್ತಿದ್ದರು. ಸೋಪು ಹಚ್ಚಬಾರದು ಎಂದಿತ್ತು, ಹಚ್ಚಲಿಲ್ಲ. ಕಡಲೆಹಿಟ್ಟು ಹಚ್ಚಿದೆ. ನಿಯಮ ಎಂದರೆ ನಿಯಮ!

ಆಮೇಲೆ ಅತ್ತೆ, "ನೆತ್ತಿ ಮ್ಯಾಲೆ ಹೊಯ್ಯಿ," ಅಂದರು. ಹೊಯ್ದೆ.

ಒಂದೇ ತಂಬಿಗೆ.

ಭಾವೂನ ಗಡ್ಡ ಇದ್ದಕ್ಕಿದ್ದಂತೆ ಉಬ್ಬಿತು. ಉಬ್ಬಿದ್ದು ಕಪ್ಪಾಯಿತು. ಕಪ್ಪು ಎಂದರೆ ಕಾಡಿಗೆಯ ಕಪ್ಪು! ಬಾಯಿ ತೆರೆಯಿತು, ಒಳಗೆ ಹಳದಿ. ಮೈಯೆಲ್ಲ ಚಪಾತಿಯಂತೆ ಅಗಲವಾಯಿತು. ನಾನು ಹಿಡಿಯಹೋದೆ. ಎಣ್ಣೆ ಮತ್ತು ಕಡಲೆಹಿಟ್ಟು ಒಟ್ಟು ಸೇರಿದ ಪ್ರಾಣಿಯನ್ನು ಹಿಡಿಯುವ ಕೈ ಇನ್ನೂ ಹುಟ್ಟಿಲ್ಲ. ಅದು ಜಾರಿ, ನನ್ನ ಮೊಣಕಾಲು ದಾಟಿ, ಅತ್ತೆಯ ಪಾದದ ಮೇಲಿಂದ ಹಾದು, ವಾಷಿಂಗ್ ಮಷೀನಿನ ಹಿಂದೆ ಮಾಯವಾಯಿತು.

ಅತ್ತೆ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಮೊಣಕಾಲು ನೋವೆಂದು ಆರು ತಿಂಗಳಿಂದ ಅಡುಗೆಮನೆಯ ಹೊಸ್ತಿಲು ದಾಟದವರು!

ನಮ್ಮವರು ಪೇಪರು ಹಿಡಿದೇ ಬಂದರು. ವಾರವಿಡೀ ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಮಷೀನು ಕಳಚಿ ಜೋಡಿಸುವವರು. ಶನಿವಾರ ಮನೆಯಲ್ಲಿ ಒಂದು ಬಲ್ಬನ್ನೂ ಮುಟ್ಟುವುದಿಲ್ಲ.

"ಏನ ನಡಸೀರಿ ಅತ್ತಿ-ಸೊಸಿ?"

"ಭಾವೂಗ ಎರೀಲಿಕ್ಕತ್ತಿದ್ದೆ ರೀ. ಮಷೀನ್ ಹಿಂದ ಹೋಗ್ಯಾನ."

"ಎರೀಲಿಕ್ಕ? ಬಾಣಂತನ ಯಾರದು?"

"ಜೋಕ್ ಆಮ್ಯಾಲೆ ಮಾಡ್ರಿ, ಮೊದ್ಲ ಮಷೀನ್ ಎಳೀರಿ!"

ಎಳೆದರು. ನಲ್ಲಿಯ ಪೈಪು ಕಿತ್ತುಬಂತು. ಮೂವರೂ ತೊಯ್ದೆವು. ಹಿಂದೆ ಭಾವೂ ಗೋಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಗಡ್ಡ ಮಾತ್ರ ಇದ್ದಿಲಿನಂತೆ ಕಪ್ಪಾಗಿ ಬಿದ್ದಿತ್ತು. ಮುಟ್ಟಿದರೆ ಮೈ ತಣ್ಣಗೆ. ಅಲುಗಲಿಲ್ಲ.

ಆಗ ಬೋರ್ಡಿಂಗಿನ ಮಾತು ಮರೆತೇಹೋಯಿತು. ಮಗಳು ಬಾಗಿಲು ತೆರೆದು "ಭಾವೂ" ಎಂದು ಕೂಗಿದರೆ ಏನು ಹೇಳಲಿ?

ಕಪಾಟಿನಲ್ಲಿ ಅನಘಾಳ ಹಳೆಯ ಕುಂಚಿಗೆ ಇತ್ತು, ತಲೆ ಬೆನ್ನು ಎಲ್ಲ ಮುಚ್ಚುವ ಕೂಸಿನ ಟೊಪ್ಪಿಗೆ. ಅದರಲ್ಲಿ ಸುತ್ತಿ, ಎದೆಗೊತ್ತಿಕೊಂಡು ಆಟೋ ಹತ್ತಿದೆ. ನಮ್ಮವರು ಒದ್ದೆ ಪ್ಯಾಂಟಿನಲ್ಲೇ ಪಕ್ಕದಲ್ಲಿ. ಆಟೋದವನು ಕನ್ನಡಿಯಲ್ಲಿ ನೋಡಿ ಮರುಕದಿಂದ ಕೇಳಿದ: "ಕಾಕೂ, ಬಾಳ್ ಕಿತಿ ಮಹಿನ್ಯಾಚಂ?"

ಚಿಕ್ಕಮ್ಮಾ, ಕೂಸು ಎಷ್ಟು ತಿಂಗಳದ್ದು, ಎಂದು. "ದೋನ್ ವರ್ಷಾಂಚಾ," ಎರಡು ವರ್ಷದವನು, ಅಂದೆ. ಅಷ್ಟರಲ್ಲಿ ಕುಂಚಿಗೆಯೊಳಗಿಂದ ಮುಳ್ಳಿನ ಕೈಯೊಂದು ಹೊರಬಂತು. ಅವನು ಹಾಕಿದ ಬ್ರೇಕಿಗೆ ನಮ್ಮವರ ಹಣೆ ಮುಂದಿನ ಸರಳಿಗೆ ಬಡಿಯಿತು. ಭಾವೂ ಬದುಕಿದೆ ಎಂದು ನನಗೆ ಮೊದಲು ತಿಳಿದದ್ದು ಹಾಗೆ.

ದವಾಖಾನೆಯಲ್ಲಿ ಫಾರ್ಮು ಕೊಟ್ಟರು. ಒದ್ದೆ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿದ್ದರೂ ಕಾನ್ವೆಂಟಿನ ದುಂಡಕ್ಷರ ಬಿಡಲಿಲ್ಲ. ರೋಗಿಯ ಹೆಸರು: ಭಾವೂ. ರೋಗಿಗೂ ನಿಮಗೂ ಸಂಬಂಧ: ತಾಯಿ. ನಮ್ಮವರು ಬಗ್ಗಿ ಓದಿ, ಹಣೆ ಒರೆಸಿಕೊಳ್ಳುತ್ತ, "ತಂದಿ ಹೆಸರು ಕೇಳಿಲ್ಲ, ಪುಣ್ಯ," ಅಂದರು.

ಡಾಕ್ಟರು ಅನಘಾಳ ವಯಸ್ಸಿನ ಹುಡುಗಿ. ಕುಂಚಿಗೆ ಬಿಚ್ಚಿದಳು. ಮೂಸಿದಳು. "ಬೇಸನ್?" ಅಂದಳು. ನಾನು ಕಡಲೆಹಿಟ್ಟಿನಿಂದ ತಂಬಿಗೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಎದೆಗೆ ಸ್ಟೆತಸ್ಕೋಪು ಇಟ್ಟು, ಬಹಳ ಹೊತ್ತು ಆಲಿಸಿ, ಗಡ್ಡ ಸವರಿ, ಕೊನೆಗೆ ರೋಗದ ಹೆಸರು ಹೇಳಿದಳು.

"ಕಾಕೂ, ಹ್ಯಾಲಾ ರಾಗ್ ಆಲಾಯ್!"

ಇದಕ್ಕೆ ಸಿಟ್ಟು ಬಂದಿದೆಯಂತೆ! ಗಡ್ಡ ಕಪ್ಪಾಗುವುದು ಸಿಟ್ಟಿಗೂ ಹೆದರಿಕೆಗೂ. ಮೈ ಬಿಳಿಚಿದ್ದು ಪೊರೆ ಬಿಡುವುದಕ್ಕೆ, ಹಾವಿನ ಹಾಗೆ. ಆಗ ಊಟವೂ ಸೇರುವುದಿಲ್ಲ. ಮೈ ತಣ್ಣಗಾದದ್ದು ದೀಪ ಬಿಟ್ಟು ಒದ್ದೆ ನೆಲದಲ್ಲಿ ಕೂತಿದ್ದಕ್ಕೆ. ಇಷ್ಟನ್ನು ನಗುತ್ತ ಹೇಳಿದವಳು ಆಮೇಲೆ ನಗು ನಿಲ್ಲಿಸಿದಳು. ನೆತ್ತಿಯ ಮೇಲೆ ಹೊಯ್ದ ನೀರು ಮೂಗಿನಿಂದ ಒಳಗೆ ಹೋಗಿದ್ದರೆ ಉಳಿಯುತ್ತಿರಲಿಲ್ಲ, ಎಂದಳು. ನಾನು ನೆಲ ನೋಡಿದೆ. ಅಲ್ಲಿ ಯಾವುದೋ ಬೆಕ್ಕಿನ ಮೂರು ಬಿಳಿ ಕೂದಲು ಬಿದ್ದಿದ್ದವು.

ಅವಳೇ ಅಗಲವಾದ ಟಬ್ಬಿನಲ್ಲಿ ನೀರು ತರಿಸಿದಳು. ಮಣಿಕಟ್ಟಿಗೆ ಉಗುರುಬೆಚ್ಚಗೆ ಅನ್ನಿಸುವಷ್ಟು ಬಿಸಿ, ಭಾವೂನ ಮೊಣಕೈ ಮುಳುಗುವಷ್ಟು ಆಳ, ಅಷ್ಟೇ. ತಲೆ ಯಾವಾಗಲೂ ಮೇಲೆ. ಬೆನ್ನಿಗೆ ಬೊಗಸೆಯಿಂದ ನೀರು. ಹತ್ತು ನಿಮಿಷ, ಅಷ್ಟು ಹೊತ್ತೂ ಪಕ್ಕದಿಂದ ಏಳಬಾರದು. ಆಮೇಲೆ ಚೆನ್ನಾಗಿ ಒರೆಸಿ ನೇರ ದೀಪದ ಕೆಳಗೆ. ಭಾವೂ ಆ ನೀರಿನಲ್ಲಿ ಕೂತು, ಗಡ್ಡ ಬಿಳಿ ಮಾಡಿಕೊಂಡು, ನಾಲಿಗೆ ಚಾಚಿ ನಾಲ್ಕು ಗುಟುಕು ಕುಡಿಯಿತು. ನಂತರ ಅದೇ ನೀರಿನಲ್ಲಿ ಮಲವಿಸರ್ಜನೆ ಮಾಡಿತು. "ಖೂಪ್ ಛಾನ್!" ಎಂದು ಡಾಕ್ಟರು ಹೊಗಳಿದಳು. ಇಷ್ಟಕ್ಕೆಲ್ಲ ಹೊಗಳಿಕೆ! ನನ್ನ ಎಣ್ಣೆ-ನೀರಿಗೆ ಬೈಗುಳ!

ಭಾನುವಾರ ಅನಘಾ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಿಮ್ಮವ್ವ ಎರದಳು, ನಾ ಬ್ಯಾಡಂದಿದ್ದೆ," ಎಂದು ಪಕ್ಷ ಬದಲಾಯಿಸಿದರು. ಅನಘಾ ಭಾವೂನ ಮೈಯೆಲ್ಲ ತಡವಿ ನೋಡಿದಳು. ದವಾಖಾನೆಯ ಕಾಗದವನ್ನು ಮೇಲಿನಿಂದ ಕೆಳಗೆ ಓದಿದಳು. ಸಂಬಂಧದ ಸಾಲಿನಲ್ಲಿ ಬಹಳ ಹೊತ್ತು ನಿಂತಳು.

"ಬೋರ್ಡಿಂಗಿಗೆ ಬಿಡು," ಅಂದೆ, ಗೋಡೆ ನೋಡುತ್ತ. "ಆದ್ರ ಹೇಳಿರ್ತೀನಿ, ಅಲ್ಲಿ ಯಾರೂ ಕುಂಚಿಗಿ ಹಾಕೂದಿಲ್ಲ."

ಅವಳು ಪೆನ್ನು ತೆಗೆದು ಹಾಳೆಯಲ್ಲಿ ಹನ್ನೆರಡನೆಯ ನಿಯಮ ಬರೆದಳು: "ಸ್ನಾನ ಅಮ್ಮನೇ ಮಾಡಿಸಲಿ. ಟಬ್ಬಿನಲ್ಲಿ. ತಂಬಿಗೆ ನಿಷೇಧ."

ಈಗ ವಾರಕ್ಕೊಮ್ಮೆ ಮಣಿಕಟ್ಟು ಅದ್ದಿ, ಮೊಣಕೈ ಆಳ ಅಳೆದು, ಶಾಸ್ತ್ರೋಕ್ತವಾಗಿ ಎರೆಯುತ್ತೇನೆ. ನಾನು ಬಂದರೆ ಭಾವೂ ಮುಂಗೈ ಎತ್ತಿ ನಿಧಾನವಾಗಿ ಬೀಸುತ್ತದೆ. ನಮಸ್ಕಾರ ಎಂದುಕೊಂಡಿದ್ದೆ. "ಅಲ್ಲಮ್ಮಾ, ನಾ ಶರಣಾದೆ ಅಂತ ಅರ್ಥ," ಎಂದು ಅನಘಾ ತಿದ್ದಿದಳು. ಇನ್ನೂ ಒಳ್ಳೆಯದಾಯಿತು. ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ನನಗೆ ಶರಣಾದ ಮೊದಲ ಜೀವ! ಬಂದವರಿಗೆಲ್ಲ ಹೇಳಿದೆ.

ಮೊನ್ನೆ ನಮ್ಮವರು ಅಡುಗೆಮನೆಗೆ ಬಂದು ಮೆಲ್ಲಗೆ ಕರೆದರು. "ಬಾ ಇಲ್ಲೆ. ಸಪ್ಪಳ ಮಾಡಬ್ಯಾಡ."

ಬಾಗಿಲ ಮರೆಯಿಂದ ನೋಡಿದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ತೊಳೆದ ತಂಬಿಗೆಯನ್ನು ನಾನು ಟೇಬಲ್ಲಿನ ಮೇಲೆ ಮರೆತಿದ್ದೆ. ಗಾಜಿನೊಳಗಿಂದ ಭಾವೂ ಅದನ್ನೇ ದಿಟ್ಟಿಸುತ್ತ, ಬಹಳ ಭಕ್ತಿಯಿಂದ ಕೈ ಬೀಸುತ್ತಿತ್ತು.

ಶರಣಾದದ್ದು ನನಗಲ್ಲ, ತಂಬಿಗೆಗೆ.

ಆಗಲಿ. ತಂಬಿಗೆ ನನ್ನ ತವರಿನದು!