ಸುಮ್ಮನಿರುವವರು ಮೊದಲು

ನಾನು ಆರೋಗ್ಯವಾಗಿರುವುದು ನಮ್ಮ ಬೀಗಿತ್ತಿಗೆ ಸುತರಾಂ ಇಷ್ಟವಿಲ್ಲ. ಎಲ್ಲರ ಬೀಗಿತ್ತಿಯರೂ ಮದುವೆ ಮುಗಿದ ಮೇಲೆ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ನನ್ನ ಪುಣ್ಯ ನೋಡಿ, ನನ್ನ ಸೊಸೆಯ ತಾಯಿಯೂ ನಾನೂ ಈ ಪರದೇಶದ ಕೆಂಡಲ್ ಪಾರ್ಕ್ ಎಂಬ ಊರಿನ ಒಂದೇ ಮನೆಯಲ್ಲಿ, ಒಂದೇ ಒಗ್ಗರಣೆ ಸೌಟಿಗೆ ಕೈ ಹಾಕಿಕೊಂಡು ಇದ್ದೇವೆ. ಆಕೆಗೆ ಐವತ್ತೇಳು. ನನಗೆ ಎಪ್ಪತ್ತಮೂರೋ ಎಪ್ಪತ್ತೈದೋ. ಆಕೆ ಬಿ.ಎ., ನಾನು ನಾಲ್ಕನೇ ಕ್ಲಾಸು. ಈ ನಾಲ್ಕನೇ ಕ್ಲಾಸು ಆ ಬಿ.ಎ.ಗೆ ನರ್ಸಿಂಗ್ ಪಾಠ ಹೇಳಿಕೊಟ್ಟು ಫೇಲ್ ಮಾಡಿಸಿದ್ದು ಹೇಗೆ ಅಂತ ಹೇಳುತ್ತೇನೆ, ಕೇಳಿ.

ಆಕೆ ಇಲ್ಲಿನ ಒಂದು ವೃದ್ಧಾಶ್ರಮದಲ್ಲಿ ಎಂಟು ವರ್ಷದಿಂದ ಸಹಾಯಕಿ. ಮುದುಕರಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಾಯಿಸುವುದು, ತಿನ್ನಿಸುವುದು. ಮಾತ್ರೆ ಮಾತ್ರ ಕೊಡುವ ಹಾಗಿಲ್ಲ, ಅದಕ್ಕೆ ಲೈಸೆನ್ಸು ಬೇಕು. ಒಂದು ದಿನ ಮಂಡಿನೋವಿನ ಅಜ್ಜಿಯೊಬ್ಬಳು ಈಕೆಯ ಕೈ ಹಿಡಿದುಕೊಂಡು ಮಾತ್ರೆಗೆ ಗೋಗರೆದಳಂತೆ. ನರ್ಸು ಇನ್ನೊಂದು ತುದಿಯಲ್ಲಿ, ಬಂದದ್ದು ಅರ್ಧ ಗಂಟೆಯ ಮೇಲೆ. "ಮಾತ್ರೆ ಔಷಧಿ ಗಾಡೀಲಿ ಕಣ್ಣೆದುರಿಗೇ ಇತ್ತು ಅಕ್ಕ, ಮುಟ್ಟೋ ಹಾಗಿರಲಿಲ್ಲ" ಅಂದಳು. ಅವತ್ತು ಊಟ ಮಾಡಲಿಲ್ಲ. ಮುಂದಿನ ವಾರವೇ ಪ್ರಾಕ್ಟಿಕಲ್ ನರ್ಸ್ ಓದಿಗೆ ಹೆಸರು ಕೊಟ್ಟು ಬಂದಳು. ಒಂದು ವರ್ಷ ಓದಿ ಮುಗಿಸಿದಳು. ಉಳಿದದ್ದು ಲೈಸೆನ್ಸಿನ ಪರೀಕ್ಷೆ ಒಂದೇ.

ಪರೀಕ್ಷೆಗೆ ಅಭ್ಯಾಸ ಮಾಡಲು ರೋಗಿ ಬೇಕಲ್ಲ? ಮನೆಯಲ್ಲಿ ನಾನಿದ್ದೆ. ಸಕ್ಕರೆ ಕಾಯಿಲೆ, ಬಿ.ಪಿ., ಎರಡು ಮಂಡಿ, ಅರ್ಧ ಕೇಳುವ ಒಂದು ಕಿವಿ. ಇಷ್ಟು ಅನುಕೂಲವಿರುವ ಹೆಂಗಸು ಬೇರೆ ಯಾರಿಗೆ ಸಿಗುತ್ತಾಳೆ!

ಬೆಳಿಗ್ಗೆ ಮಾತ್ರೆ ಕೇಳಿದರೆ ಪೊಲೀಸರ ಹಾಗೆ ವಿಚಾರಣೆ. ಮೊದಲು ಹೆಸರು, ಆಮೇಲೆ ಹುಟ್ಟಿದ ತಾರೀಖು. ಎರಡೂ ಸರಿಯಾಗಿ ಹೇಳದಿದ್ದರೆ ರೋಗಿಗೆ ಮಾತ್ರೆ ಕೊಡಬಾರದಂತೆ. ಪಾಸ್‌ಪೋರ್ಟಿನಲ್ಲಿ ಜನವರಿ ಒಂದು ಎಂದಿದೆ, ಅದು ಆಫೀಸಿನವನು ಬರೆದುಕೊಂಡದ್ದು. ನಮ್ಮಮ್ಮ ಹೇಳಿದ್ದು, ಹುರುಳಿ ಕೀಳುವ ಕಾಲ, ಅಮಾವಾಸ್ಯೆಯ ಹಿಂದುಮುಂದು, ಎಮ್ಮೆ ಕರು ಹಾಕಿದ ದಿನ ಎಂದು. ನಾನು ಸತ್ಯವನ್ನೇ ಹೇಳಿದೆ. ಈಕೆ ಮಾತ್ರೆಯನ್ನು ವಾಪಸು ಡಬ್ಬಿಗೆ ಹಾಕಿದಳು. ಎಮ್ಮೆಯನ್ನು ಬಿಟ್ಟುಕೊಟ್ಟು ಜನವರಿ ಒಂದು ಎಂದು ಸುಳ್ಳು ಹೇಳಿದ ಮೇಲೇ ನನಗೆ ಮಾತ್ರೆ ಸಿಕ್ಕಿದ್ದು.

ಆಮೇಲೆ ರೋಗಿಯ ಹತ್ತಿರ ಮಾತಾಡುವ ಪಾಠ ಬಂತು. "ಯಾಕೆ" ಅಂತ ಕೇಳಬಾರದಂತೆ, "ಏನೂ ಆಗಲ್ಲ ಬಿಡಿ" ಅನ್ನಬಾರದಂತೆ, ಬುದ್ಧಿ ಹೇಳಬಾರದಂತೆ. ಮತ್ತೆ ಬಾಯಿ ಇರುವುದು ಯಾತಕ್ಕೆ? ಈ ಮೂರನ್ನು ತೆಗೆದುಬಿಟ್ಟರೆ ನನ್ನ ಜೀವಮಾನದ ಮಾತೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುತ್ತದೆ. ಒಂದು ಮಧ್ಯಾಹ್ನ ನಾನು ಊಟದ ತಟ್ಟೆ ದೂಡಿ ಕೂತಿದ್ದೆ. ಈಕೆ ಎದುರಿಗೆ ಬಂದು ಕೂತು, ಕೈ ಮಡಿಚಿಕೊಂಡು, ಪುಸ್ತಕದ ಧ್ವನಿಯಲ್ಲಿ ಹೇಳಿದಳು:

"ನಿಮಗೆ ಬೇಜಾರಾಗಿರೋ ಹಾಗೆ ಕಾಣ್ತಿದೆ. ಅದರ ಬಗ್ಗೆ ಹೇಳಿ."

"ಸಾರಿಗೆ ಉಪ್ಪಿಲ್ಲ. ಇನ್ನೂ ಬಿಡಿಸಿ ಹೇಳಬೇಕಾ ಬೀಗಿತ್ತಿಯವರೇ?"

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ರೋಗಿಯಾಗಿದ್ದವಳು ನಾನು ಮೇಷ್ಟ್ರಾದೆ. ಪರೀಕ್ಷೆಯಲ್ಲಿ ಹೆಚ್ಚಾಗಿ ಬರುವ ಪ್ರಶ್ನೆ, ನಾಲ್ಕು ಜನ ರೋಗಿಗಳಲ್ಲಿ ಮೊದಲು ಯಾರ ಹತ್ತಿರ ಹೋಗುತ್ತೀರಿ ಎಂಬುದು. ಆಕೆ ಕನ್ನಡ ಮಾಡಿ ಓದುತ್ತಿದ್ದಳು. ಸ್ನಾನಕ್ಕೆ ಕಾಯುತ್ತಿರುವ ಎಂಬತ್ತೈದರ ಮುದುಕ, ಮಗನನ್ನು ಜೊತೆಗಿಟ್ಟುಕೊಂಡು ಗೊಣಗುತ್ತಿರುವ ಹೆಂಗಸು, ಕಾಲು ಮುರಿದುಕೊಂಡು ಅರಚುತ್ತಿರುವವಳು, ಮೂಲೆಯಲ್ಲಿ ಬೆವರುತ್ತ ಸುಮ್ಮನೆ ಕೂತ ಒಬ್ಬ ಯುವಕ.

ಇದಕ್ಕೆ ಪುಸ್ತಕ ಬೇರೆ ಬೇಕಾ ಅಂದೆ. ನಮ್ಮಲ್ಲಿ ಎಲೆ ಹಾಕಿದರೆ ಮೊದಲು ಹಿರಿಯರಿಗೆ ಬಡಿಸಬೇಕು, ಆಮೇಲೆ ನೆಂಟರನ್ನು ಕಟ್ಟಿಕೊಂಡು ಬಂದವರಿಗೆ, ಆಮೇಲೆ ಗಲಾಟೆ ಮಾಡುವವರಿಗೆ. ವಯಸ್ಸಿನ ಹುಡುಗ ತಡೆದುಕೊಳ್ಳುತ್ತಾನೆ, ಕೊನೆಗೆ ನೋಡಿದರಾಯಿತು. ಆಕೆಗೂ ಅದೇ ಸರಿ ಅನ್ನಿಸಿತು, ಆಕೆಯೂ ನಮ್ಮ ಕಡೆಯ ಮದುವೆಗಳಲ್ಲಿ ಬಡಿಸಿದವಳೇ ತಾನೇ. ಪರೀಕ್ಷೆಗೆ ಹೋದಳು. ಪಾಸೋ ಫೇಲೋ ಖಾತ್ರಿಯಾದ ಕೂಡಲೇ ಪರೀಕ್ಷೆ ನಿಲ್ಲಿಸಿಬಿಡುವ ಅಲ್ಲಿನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಯಿತಂತೆ. ಇನ್ನು ಕೇಳುವುದೇ ಬೇಡ ಎಂದು ಅದಕ್ಕೇ ಅನ್ನಿಸಿತೋ ಏನೋ. ಫೇಲು. ನಮ್ಮ ಪಂಕ್ತಿಯಲ್ಲಿ ಆ ಹುಡುಗನ ಎಲೆಗೆ ಅನ್ನ ಬರುವಷ್ಟರಲ್ಲಿ ಅವನು ಸತ್ತೇ ಹೋಗಿದ್ದ.

ಆಕೆ ಎರಡು ದಿನ ಪುಸ್ತಕವನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟಳು. ಮತ್ತೆ ಬರೆಯಲು ಒಂದೂವರೆ ತಿಂಗಳು ಕಾಯಬೇಕಂತೆ. ಈ ಸಲವೂ ಫೇಲಾದರೆ ಮತ್ತೆ ಕೂರುವುದಿಲ್ಲ, ಸ್ನಾನ ಮಾಡಿಸಿಕೊಂಡೇ ಇರುತ್ತೇನೆ ಎಂದು ಮಗಳ ಹತ್ತಿರ ಹೇಳುವುದು ನನ್ನ ಅರ್ಧ ಕಿವಿಗೂ ಬಿತ್ತು.

ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ. ಮೂರನೆಯ ದಿನ ಪುಸ್ತಕ ಕೆಳಗಿಳಿಸಿ, ಊಟದ ಮೇಜಿನ ನಾಲ್ಕು ಕುರ್ಚಿಗಳನ್ನು ಸಾಲಾಗಿ ಇಟ್ಟೆ. ಆಕೆ ಓದಿದ ಹಾಗೆ ನಾನೇ ಒಂದೊಂದರಲ್ಲೂ ಕೂತು ನಾಲ್ಕು ರೋಗಿಗಳಾದೆ. ಮೊದಲ ಮೂರರಲ್ಲಿ ನನ್ನ ನಟನೆಗೆ ಪಕ್ಕದ ಮನೆಯ ಆಂಟಿ ಬಾಗಿಲು ತಟ್ಟಿದಳು. ನಾಲ್ಕನೆಯದರಲ್ಲಿ ಸುಮ್ಮನೆ ಕೂರಬೇಕು. ಅದೊಂದು ನನಗೆ ಬರಲೇ ಇಲ್ಲ.

"ಅರಚೋರಿಗೆ ಅರಚೋಷ್ಟು ಉಸಿರು ಇರುತ್ತೆ ಅಕ್ಕ," ಅಂದಳು ಆಕೆ, ಪುಸ್ತಕದ ಮೇಲೆ ಕೈಯಿಟ್ಟು. "ಸುಮ್ಮನಿರೋರನ್ನ ಮೊದಲು ನೋಡಬೇಕು."

"ಹಾಗಾದ್ರೆ ನನ್ನನ್ನ ಯಾವತ್ತೂ ನೋಡಬೇಕಾಗಿಲ್ಲ ಬಿಡಿ" ಅಂದೆ.

ಎರಡನೆಯ ಪರೀಕ್ಷೆಯ ದಿನ ಬಂತು. ಮಗ, ಸೊಸೆ ಬೇಗ ಕೆಲಸಕ್ಕೆ ಹೋಗಿದ್ದರು. ಆಕೆ ಪರೀಕ್ಷೆ ನಡೆಯುವ ವುಡ್‌ಬ್ರಿಡ್ಜ್ ಕಡೆ ತಾನೇ ಡ್ರೈವ್ ಮಾಡಿಕೊಂಡು ಹೋಗಬೇಕು. ಶೂ ಹಾಕಿ, ಕಾರಿನ ಕೀ ಹಿಡಿದು, ಕಾಫಿ ಮೇಜಿನ ಮೇಲಿದೆ ಎಂದು ಹೇಳಿ ಬಾಗಿಲ ತನಕ ಹೋದವಳು ನಿಂತಳು. ತಿರುಗಿ ಬಂದಳು.

"ಅಕ್ಕ, ಕಾಫಿ ಆರಿ ಹೋಗಿದೆ. ನೀವು ಬೈಲಿಲ್ಲ."

ಬೈಯಬೇಕೆಂದೇ ಇದ್ದೆ, ನಾಲಿಗೆ ಏಳಲಿಲ್ಲ. ಸೋಫಾದ ಮೂಲೆಯಲ್ಲಿ ಕೂತಿದ್ದೆ, ರವಿಕೆ ಬೆವರಿನಲ್ಲಿ ತೊಯ್ದಿತ್ತು. ಆಕೆ ಚೀಲ ಕೆಳಗಿಟ್ಟಳು. ನನ್ನ ಬೆರಳು ಚುಚ್ಚಿ ನೋಡಿದಳು, ಸಕ್ಕರೆ ತಳ ಕಂಡಿತ್ತು. ಕಿತ್ತಳೆ ರಸ ಕುಡಿಸಿದಳು. ಗಡಿಯಾರ ನೋಡುತ್ತ ಕಾಲು ಗಂಟೆ ಕಾದು ಮತ್ತೆ ಚುಚ್ಚಿದಳು. ಹೊತ್ತಾಯಿತು ಹೋಗಿ ಎಂದು ನಾನು ತೊದಲಿದರೆ, ಬಾಯಿ ತೆರೆಸಿ ಬ್ರೆಡ್ ತುರುಕಿದಳು.

"ಸಕ್ಕರೆ ಮಾತ್ರೆ ನುಂಗಿದ್ದೀರಿ. ತಿಂಡಿ ಯಾಕೆ ತಿಂದಿಲ್ಲ?"

"ಯಾಕೆ ಅಂತ ಕೇಳಬಾರದು ಅಂತ ಪುಸ್ತಕದಲ್ಲಿದೆ."

ಆಕೆ ದೇವರ ಮೂಲೆಯ ಕಡೆ ನೋಡಿದಳು. ಅಲ್ಲಿ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿದ ಮುಡಿಪಿತ್ತು, ಅದರ ಕೆಳಗೆ ಆಕೆಯದೇ ಪರೀಕ್ಷೆಯ ಕಾಗದದ ನಕಲು. ಹಿಂದಿನ ಸಂಜೆಯಿಂದ ನಾನು ಉಪವಾಸವಿದ್ದೆ, ಆಕೆ ಬರೆದು ಬರುವ ತನಕ ಎಂದು ಹರಕೆ. ಮಾತ್ರೆ ಊಟವಲ್ಲವಲ್ಲ ಎಂದು ಅದನ್ನು ಮಾತ್ರ ನುಂಗಿದ್ದೆ. ನಾಲ್ಕನೇ ಕ್ಲಾಸಿನ ಬುದ್ಧಿ! ಆಕೆ ನನ್ನ ಬಾಯಿಯ ಹತ್ತಿರ ಅಂಟಿದ್ದ ಬ್ರೆಡ್ಡಿನ ಚೂರನ್ನು ಸೆರಗಿನಿಂದ, ನನ್ನದೇ ಸೆರಗಿನಿಂದ, ಒರೆಸಿದಳು. ಪಕ್ಕದ ಆಂಟಿಯನ್ನು ಕರೆದು ನನ್ನ ಹತ್ತಿರ ಕೂರಿಸಿ ಹೊರಟಳು. ಪರೀಕ್ಷೆಯ ಕೋಣೆಯ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಒಳಗೆ ಸೇರಿದಳಂತೆ.

ಪಾಸಾದಳು. ಆ ಮಂಡಿನೋವಿನ ಅಜ್ಜಿಗೆ ಈಗ ಮಾತ್ರೆ ಕೊಡುವುದು ನಮ್ಮ ಬೀಗಿತ್ತಿಯ ಕೈಯೇ.

ತೊಂದರೆಯಾಗಿರುವುದು ನನಗೆ. ನಾನು ಐದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆಕೆ ಕೆಲಸಕ್ಕೆ ಹೊರಟವಳು ಶೂ ಬಿಚ್ಚಿ ಒಳಗೆ ಬರುತ್ತಾಳೆ. ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ಕಾಫಿಯನ್ನೋ ಸೊಸೆಯನ್ನೋ ಸಿಕ್ಕಿದ್ದನ್ನು ಬೈದುಬಿಡುತ್ತೇನೆ. ಪಾಪ, ಆಕೆಗೆ ಹೊತ್ತಾಗಬಾರದಲ್ಲ.