ಟೀವಿ ನೋಡಿ ಕಟ್ಟಿದ ಕ್ಲಬ್ಬು

ನಾನು ಸುಮ್ಮನೆ ಕೂತಿದ್ದರೂ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಕುವೈತಿನ ಮೀನಾ ಅಬ್ದುಲ್ಲಾದಲ್ಲಿ ಸ್ಟೋರ್‌ಕೀಪರ್ ಆಗಿದ್ದ ಹನ್ನೆರಡು ವರ್ಷದಲ್ಲಿ ನಾನು ಬಿಸಿಲಿಗಿಂತ ಹೆದರಿಕೆಗೇ ಹೆಚ್ಚು ಬೆವರಿದ್ದೇನೆ.

೧. ಮೊದಲೇ ನಗುವವನು

ತೊಂಬತ್ತರ ದಶಕದಲ್ಲಿ ನನ್ನ ಭಾವಮೈದ ದಾವಣಗೆರೆಯಿಂದ ಒಂದು ಹಾಸ್ಯ ಧಾರಾವಾಹಿಯನ್ನು ಕ್ಯಾಸೆಟ್ಟಿಗೆ ಇಳಿಸಿ ಕಳಿಸಿದ. ಹತ್ತಿ ಮಿಲ್ಲಿನ ಕಾರ್ಮಿಕರ ಕ್ಲಬ್ಬಿನ ಕಥೆ. ಕೇರಂ ಪೌಡರ್ ಯಾರು ತರಬೇಕೆಂದು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ನಾಲ್ಕು ಕಂತು ಜಗಳ. ನಾವು ಕಾರ್ಮಿಕರು ಉಳಿದಿದ್ದ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಪ್ರತಿ ಶುಕ್ರವಾರ ಅದೇ. ಆ ಮಿಲ್ಲಿನವರೂ ನಮ್ಮ ಹಾಗೇ ಸೈರನ್ನಿಗೆ ಏಳುವವರು, ಆರಿದ ಚಹಾ ಕುಡಿಯುವವರು. ನೋಡುತ್ತಾ ಕೂತರೆ ಊರಿನ ನೆನಪಿನ ಸಂಕಟ ಅರ್ಧ ಇಳಿಯುತ್ತಿತ್ತು.

ಒಬ್ಬ ವೆಲ್ಡರ್ ಮಾತ್ರ ಜೋಕ್ ಬರುವ ಮೊದಲೇ ನಗುತ್ತಿದ್ದ. ಯಾಕಯ್ಯಾ ಅಂದರೆ, ಜೋಕ್ ಬಂದಾಗ ನಿಮ್ಮ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ, ಅದಕ್ಕೇ ಮುಂಚೆಯೇ ಮುಗಿಸಿಕೊಳ್ಳುತ್ತೇನೆ ಅಂದ.

೨. ಎರಡು ಭಾಷೆಯ ನೋಟೀಸು

ನೋಡಿ ನೋಡಿ ನಾವೂ ಒಂದು ಕ್ಲಬ್ ಕಟ್ಟಿದೆವು. ಕ್ಯಾಂಪಿನ ಉಸ್ತುವಾರಿ ನೋಡುವ ನಮ್ಮ ಕ್ಯಾಂಪ್ ಬಾಸ್ ಬಂಟ್ವಾಳದ ಬ್ಯಾರಿ. ಚುನಾವಣೆಯಲ್ಲಿ ಅವನನ್ನು ಮೂರು ಓಟಿನಿಂದ ಸೋಲಿಸಿ ನಾನು ಕಾರ್ಯದರ್ಶಿಯಾದೆ. ಆ ಉಮೇದಿನಲ್ಲಿ 'ಕಾರ್ಮಿಕರ ಕ್ಲಬ್, ಸರ್ವಸದಸ್ಯರ ಸಭೆ' ಎಂದು ನೋಟೀಸು ಬರೆದು, ಗತ್ತಿಗಿರಲಿ ಎಂದು ಇಂಗ್ಲಿಷಿನಲ್ಲೂ ಬರೆದು ಮೆಸ್ಸಿನ ಗೋಡೆಗೆ ಅಂಟಿಸಿದೆ.

ಕನ್ನಡವನ್ನು ನಮ್ಮವರು ಓದಿದರು. ಇಂಗ್ಲಿಷನ್ನು ಕಂಪನಿಯ ಅರಬ್ ಮ್ಯಾನೇಜರ್ ಓದಿದರು. ಇದು ಯೂನಿಯನ್ ಎಂದು ಅವರಿಗೆ ಖಾತ್ರಿಯಾಯಿತು. ಯೂನಿಯನ್ ಅಂದರೆ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿಯೇ ರದ್ದು, ಊರಿನ ವಿಮಾನ. ಮಗಳ ಮದುವೆ ಗೊತ್ತಾಗಿದ್ದ ವರ್ಷ ಅದು. ಅಪರಾಧಿಯನ್ನು ಹುಡುಕುವ ಕಷ್ಟವನ್ನೂ ನಾನು ಕೊಟ್ಟಿರಲಿಲ್ಲ. ಕೆಳಗೆ ಹೆಸರು, ಸಹಿ, ರೂಮ್ ನಂಬರ್ ಎಲ್ಲ ಇತ್ತು.

೩. ನಾನು ಮಾಡಿದ ಅನುವಾದ

ಆಫೀಸಿಗೆ ಕರೆಸಿ, ನಿಮ್ಮ ಬೇಡಿಕೆ ಏನು ಅಂತ ಮ್ಯಾನೇಜರ್ ಕೇಳಿದರು. ಬೇಡಿಕೆಯಿಲ್ಲ ಸರ್, ಇದೆಲ್ಲ ಟೀವಿ ನೋಡಿ ಆದದ್ದು ಅಂದೆ. ಹಾಗಾದರೆ ತೋರಿಸು ಅಂದರು. ಕೈಗೆ ಸಿಕ್ಕ ಕ್ಯಾಸೆಟ್ ತಂದು ಹಾಕಿದೆ. ಅದು ಮುಷ್ಕರದ ಕಂತು.

ಪರದೆಯ ಮೇಲೆ ಐವತ್ತು ಜನ ಮುಷ್ಟಿ ಎತ್ತಿ, "ಕೆಟ್ಟ ಚಹಾ ಕೊಡುವ ಮ್ಯಾನೇಜರಿಗೆ ಧಿಕ್ಕಾರ" ಎಂದು ಕೂಗುತ್ತಿದ್ದರು. ಏನು ಹೇಳುತ್ತಿದ್ದಾರೆ ಅಂತ ಮ್ಯಾನೇಜರ್ ಕೇಳಿದರು.

"ಒಳ್ಳೆ ಚಹಾ ಕೊಟ್ಟ ಮ್ಯಾನೇಜರಿಗೆ ಜೈ ಅಂತಿದ್ದಾರೆ, ಸರ್."

ಅವರು ಪಕ್ಕದಲ್ಲೇ ನಿಂತಿದ್ದ ಕ್ಯಾಂಪ್ ಬಾಸ್ ಕಡೆ ತಿರುಗಿ, ನಿಜವಾ ಅಂದರು. ಮೂರು ಓಟಿನಿಂದ ಸೋತವನು ನನ್ನನ್ನು ಒಂದು ನಿಮಿಷ ನೋಡಿದ. ಆ ಒಂದು ನಿಮಿಷದಲ್ಲಿ ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿ ಮುಗಿಸಿದೆ. ಕೊನೆಗೆ, ನಿಜ ಸರ್, ಅವರಿಗೆ ಮ್ಯಾನೇಜರ್ ಅಂದರೆ ಪ್ರಾಣ ಅಂದ.

ಹೊರಗೆ ಬಂದ ಮೇಲೆ ಅವನ ಕೈ ಹಿಡಿದುಕೊಂಡೆ. "ಎಂತ ಮಾರಾಯಾ," ಅಂದ, "ನಿನ್ನನ್ನು ಊರಿಗೆ ಕಳಿಸಿದ್ರೆ ಮುಂದಿನ ಸಲ ನಾನು ಯಾರನ್ನು ಸೋಲಿಸುದು?"

ಮ್ಯಾನೇಜರಿಗೆ ಆ ಕಂತು ಬಹಳ ಹಿಡಿಸಿತು. ಕಂಪನಿಯ ಇನ್ನೊಂದು ಕ್ಯಾಂಪಾದ ಶುವೈಖ್‌ನಲ್ಲೂ ಅದನ್ನೇ ತೋರಿಸಲು ಹುಕುಂ ಮಾಡಿದರು. ಮುಂದಿನ ತಿಂಗಳು ಅವರು ಅಲ್ಲಿಗೆ ಹೋದಾಗ, ಚಹಾದ ಮೇಲೆ ನಿಜವಾಗಿಯೇ ಸಿಟ್ಟಾಗಿದ್ದ ಅಲ್ಲಿನ ಕನ್ನಡದವರು ಮುಷ್ಟಿ ಎತ್ತಿ "ಮ್ಯಾನೇಜರಿಗೆ ಧಿಕ್ಕಾರ" ಎಂದು ಕೂಗಿದರು. ಮ್ಯಾನೇಜರ್ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಎಲ್ಲರಿಗೂ ಧನ್ಯವಾದ ಹೇಳುತ್ತಾ "ಶುಕ್ರನ್, ಶುಕ್ರನ್" ಅಂದರು.